ಕತ್ತಿಯ ತುದಿ ಉಳಿಯಲಿ: ಮಾರ್ತ್‌ಗೆ ಒಂದು ಬಹಿರಂಗ ಪತ್ರ

ಆಲ್ಟಿಯಾದ ರಾಜಕುಮಾರ ಮಾರ್ತ್‌ಗೆ,



ನಿನ್ನ ಮೇಲೆ ಎರಡು ದೂರುಗಳು ವಿಡಿಯೊ ಗೇಮ್ ಆಡುವವರ ನಡುವೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಓಡಾಡುತ್ತಿವೆ. ನಿನ್ನೆದುರು ಸೋತವರು, ಅಷ್ಟುದ್ದದ ಕತ್ತಿ ಕೈಗೆ ಕೊಟ್ಟರೆ ಯಾರು ಬೇಕಾದರೂ ಗೆಲ್ಲುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಎನ್ನುತ್ತಾರೆ. ನಿನ್ನನ್ನೇ ನೆಚ್ಚಿಕೊಂಡು ಆಡುವವರು ಎದುರಾಳಿಯನ್ನು ಹೊಡೆದು ಹೊಡೆದು ಹಣ್ಣು ಮಾಡಿದ ಮೇಲೂ ಮುಗಿಸಲಾಗದೆ, ಈ ಮಾರ್ತ್‌ಗೆ ಕೊಲ್ಲೋಕೇ ಬರಲ್ಲ ಎಂದು ಕಂಟ್ರೋಲರ್ ಕೆಳಗಿಡುತ್ತಾರೆ. ಒಬ್ಬರ ಪ್ರಕಾರ ನಿನ್ನ ಬಲ ಮಿತಿಮೀರಿದ್ದು, ಇನ್ನೊಬ್ಬರ ಪ್ರಕಾರ ಏನೇನೂ ಸಾಲದ್ದು. ನನಗೆ ಕಾಣುವಂತೆ ಎರಡೂ ದೂರು ನಿಜ, ಎರಡೂ ಹುಟ್ಟುವುದು ನಿನ್ನ ಕತ್ತಿಯ ಒಂದೇ ಜಾಗದಲ್ಲಿ. ಆ ಜಾಗವನ್ನು ಯಾರೂ ಉಜ್ಜಿ ಸಮ ಮಾಡಬಾರದು. ಇದನ್ನು ಹೇಳಲಿಕ್ಕೇ ಈ ಪತ್ರ. ನಿನಗೆ ಬರೆಯುತ್ತಿದ್ದೇನೆ, ಉಳಿದವರೂ ಓದಲಿ ಎಂದು ಬಹಿರಂಗವಾಗಿ.

ನಿನ್ನ ಪರಿಚಯವಿಲ್ಲದವರಿಗಾಗಿ ಮೊದಲು ನಾಲ್ಕು ಮಾತು. ನೀನು ಹುಟ್ಟಿದ್ದು 1990ರ ಏಪ್ರಿಲ್‌ನಲ್ಲಿ, ಜಪಾನಿನ ಫ್ಯಾಮಿಕಾಮ್ ಯಂತ್ರಕ್ಕೆ ಇಂಟೆಲಿಜೆಂಟ್ ಸಿಸ್ಟಮ್ಸ್ ಮಾಡಿದ ಮೊದಲ ಫೈರ್ ಎಂಬ್ಲಮ್ ಆಟದಲ್ಲಿ. ತಂದೆ ಕಾರ್ನೀಲಿಯಸ್ ಯುದ್ಧದಲ್ಲಿ ಸತ್ತ. ರಾಜ್ಯ ಕೈತಪ್ಪಿತು. ಅಕ್ಕ ಎಲಿಸ್ ನಿನ್ನನ್ನು ಪಾರುಮಾಡಿ ತಾನು ಹಿಂದೆ ಉಳಿದಳು. ಟಾಲಿಸ್ ದ್ವೀಪದಲ್ಲಿ ತಲೆಮರೆಸಿಕೊಂಡಿದ್ದ ನೀನು ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಹೊರಟೆ, ಕೊನೆಗೆ ಫಾಲ್ಷಿಯನ್ ಎಂಬ ಕತ್ತಿ ಹಿಡಿದು ಮೆಡಿಯಸ್ ಎಂಬ ಡ್ರ್ಯಾಗನ್ ದೊರೆಯನ್ನು ಕೊಂದೆ. ಅದು ಚದುರಂಗದ ಜಾತಿಯ ಆಟ, ಸರದಿಯ ಮೇಲೆ ಮನೆಯಿಂದ ಮನೆಗೆ ನಡೆಸುವುದು. ಅಲ್ಲಿ ಸತ್ತ ಸಂಗಾತಿ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ನೀನು ಸತ್ತರಂತೂ ಆಟವೇ ಮುಗಿಯಿತು. ನಿನ್ನನ್ನು ಎಲ್ಲಿ ನಿಲ್ಲಿಸಬೇಕು ಎಂದು ಆಟಗಾರ ಪ್ರತಿ ಸರದಿಯಲ್ಲೂ ಕೂತು ಯೋಚಿಸಬೇಕಾಗಿತ್ತು. ಎಷ್ಟು ಮುಂದೆ, ಯಾರ ಹಿಂದೆ, ಯಾರ ಕೈಗೆ ಸಿಗದಷ್ಟು ದೂರದಲ್ಲಿ. ನಿಲ್ಲುವ ಜಾಗದ ಲೆಕ್ಕ ನಿನಗೆ ಹುಟ್ಟಿನಿಂದಲೇ ಬಂದದ್ದು.

ಹನ್ನೊಂದು ವರ್ಷದ ಮೇಲೆ, 2001ರ ನವೆಂಬರ್‌ನಲ್ಲಿ, ಗೇಮ್‌ಕ್ಯೂಬ್ ಯಂತ್ರದ ಸೂಪರ್ ಸ್ಮ್ಯಾಶ್ ಬ್ರದರ್ಸ್ ಮಿಲೀ ಆಟಕ್ಕೆ ಮಸಾಹಿರೊ ಸಕುರಾಯ್ ನಿನ್ನನ್ನು ಕರೆತಂದರು. ಮಾರಿಯೊ, ಪಿಕಾಚು, ಡಾಂಕಿ ಕಾಂಗ್ ಮುಂತಾಗಿ ನಿಂಟೆಂಡೊದ ಮಂದಿಯೆಲ್ಲ ಒಂದೇ ಅಂಕಣದಲ್ಲಿ ಹೊಡೆದಾಡುವ ಆಟ ಅದು. ಮೊದಲಿಗೆ ಪರದೆಯ ಮೇಲೆ ಕಾಣುವ ಹದಿನಾಲ್ಕು ಜನರಲ್ಲಿ ನೀನಿಲ್ಲ. ಆಡಿ ಗಳಿಸಿಕೊಳ್ಳಬೇಕಾದ ಗುಪ್ತ ಪಾತ್ರ ನೀನು. ಜಪಾನಿನ ಹೊರಗೆ ನಿನ್ನ ಹೆಸರನ್ನು ಹೆಚ್ಚಿನವರು ಕೇಳಿರಲಿಲ್ಲವಾದ್ದರಿಂದ ಅಮೆರಿಕದ ಆವೃತ್ತಿಯಿಂದ ನಿನ್ನನ್ನೂ ಫೈರ್ ಎಂಬ್ಲಮ್ ಸರಣಿಯ ಇನ್ನೊಬ್ಬ ಕತ್ತಿಗಾರ ರಾಯ್‌ನನ್ನೂ ಕೈಬಿಡುವ ಮಾತು ಕೂಡ ನಡೆದಿತ್ತು. ಪುಣ್ಯಕ್ಕೆ ಉಳಿಸಿಕೊಂಡರು, ಜಪಾನಿ ಮಾತಿನ ಸಮೇತ. ನಿಮ್ಮಿಬ್ಬರನ್ನು ನೋಡಿದ ಅಲ್ಲಿಯ ಮಕ್ಕಳು ಇವರು ಯಾರು, ಎಲ್ಲಿಯವರು ಎಂದು ಕೇಳತೊಡಗಿದರು. 2003ರಲ್ಲಿ ಫೈರ್ ಎಂಬ್ಲಮ್ ಆಟವೊಂದು ಮೊದಲ ಸಲ ಆ ದೇಶಕ್ಕೆ ಹೋಗಲು ಈ ಕುತೂಹಲವೂ ಒಂದು ಕಾರಣ. ನಿನ್ನ ಸ್ವಂತ ಕಥೆ, ಡಿಎಸ್ ಯಂತ್ರಕ್ಕೆ ಹೊಸದಾಗಿ ಮಾಡಿದ ರೂಪದಲ್ಲಿ, ಅಮೆರಿಕ ಮುಟ್ಟಿದ್ದು 2009ರಲ್ಲಿ. 1990ರ ಮೂಲ ಆಟಕ್ಕೆ ಇಂಗ್ಲಿಷ್ ರೂಪ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ. ಆ ಡಿಎಸ್ ಆಟ ಬರುವವರೆಗೂ ಜಗತ್ತಿನ ಬಹುಪಾಲು ಜನಕ್ಕೆ ನೀನು ಕಥೆಯಿಲ್ಲದ ಕತ್ತಿವರಸೆಗಾರ. ಕತ್ತಿಯಿಂದಲೇ ನಿನ್ನ ಸ್ವಭಾವವನ್ನು ಓದಿಕೊಂಡವರು ನಾವು.

ಈ ಆಟದಲ್ಲಿ ಬೇರೆ ಹೊಡೆದಾಟದ ಆಟಗಳ ಹಾಗೆ ಇಳಿಯುತ್ತಾ ಹೋಗುವ ಜೀವದ ಪಟ್ಟಿ ಇಲ್ಲ. ಏಟು ತಿಂದಂತೆ ಪರ್ಸೆಂಟ್ ಏರುತ್ತದೆ, ಪರ್ಸೆಂಟ್ ಏರಿದಷ್ಟೂ ಮುಂದಿನ ಏಟಿಗೆ ತಿಂದವನು ದೂರ ಹಾರುತ್ತಾನೆ. ಪರದೆಯಾಚೆ ಹಾರಿಹೋದರೆ ಅಥವಾ ಕೆಳಗೆ ಬಿದ್ದರೆ ಒಂದು ಜೀವ ಹೋಯಿತು. ಸ್ಪರ್ಧೆಗಳಲ್ಲಿ ತಲಾ 4 ಜೀವ, 8 ನಿಮಿಷ. ಅಂದರೆ ಇಲ್ಲಿ ಎರಡು ಬೇರೆಬೇರೆ ಕೆಲಸಗಳಿವೆ: ಪರ್ಸೆಂಟ್ ಏರಿಸುವುದು ಒಂದು, ಹೊರಗೆ ಕಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಬಲಶಾಲಿಯಾದವನು ಎರಡನೆಯದರಲ್ಲೂ ಹಾಗೇ ಇರಬೇಕೆಂದೇನಿಲ್ಲ. ನಿನ್ನ ಕಷ್ಟವೆಲ್ಲ ಈ ಎರಡರ ನಡುವಿನ ಸಂದಿಯಲ್ಲಿದೆ.

ಕತ್ತಿ ಹಿಡಿದವನಿಗೆ ಸಿಗುವ ಮೊದಲ ಲಾಭ ಉದ್ದ ಎಂದುಕೊಳ್ಳುತ್ತಾರೆ. ಉದ್ದವೂ ಹೌದು, ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಮಾರಿಯೊ ಗುದ್ದಿದರೆ ಅವನ ಕೈ ಮುಂದೆ ಬರುತ್ತದೆ, ಆ ಕೈಗೆ ನೀನು ಹೊಡೆಯಬಹುದು. ಇದೇ ಆಟದ ಇನ್ನೊಂದು ಪಾತ್ರ ಫಾಕ್ಸ್ ಒದ್ದರೆ ಕಾಲು ಸಿಗುತ್ತದೆ. ನೀನು ಬೀಸಿದಾಗ ಮುಂದೆ ಬರುವುದು ಉಕ್ಕು, ಉಕ್ಕಿಗೆ ನೋವಿಲ್ಲ. ಎದುರಾಳಿ ಎಷ್ಟೇ ಸರಿಯಾಗಿ ಕತ್ತಿಗೆ ಗುದ್ದಿದರೂ ನಿನ್ನ ಮೈಗೆ ತಾಗುವುದಿಲ್ಲ. ಮೈಯನ್ನು ಒಡ್ಡದೆ ಹೊಡೆಯುವ ಈ ಅನುಕೂಲ ಇಡೀ ಆಟದಲ್ಲಿ ಕೆಲವರಿಗೆ ಮಾತ್ರ ಇದೆ. ಅದರ ಮೇಲೆ ನಿನ್ನ ಓಟ ಚುರುಕು. ನಿಂತಲ್ಲೇ ಮುಂದಕ್ಕೂ ಹಿಂದಕ್ಕೂ ಮಿಂಚುವಂತೆ ಓಡಾಡುವ ಡ್ಯಾಶ್ ಡ್ಯಾನ್ಸ್ ನಿನಗೆ ಒಲಿದ ಹಾಗೆ ಒಲಿದವರು ಕಡಿಮೆ. ನೀನು ಕೈಚಾಚಿ ಹಿಡಿಯುವ ದೂರವೂ ಹೆಚ್ಚು. ಎದುರಾಳಿಗೆ ನೀನು ಸಿಕ್ಕೇಬಿಟ್ಟೆ ಅನ್ನಿಸುತ್ತದೆ, ಅವನು ಏಟು ಹಾಕುತ್ತಾನೆ, ನೀನು ಅರ್ಧ ಹೆಜ್ಜೆ ಹಿಂದಿದ್ದೀಯೆ, ಅವನ ಏಟು ಗಾಳಿಗೆ ಹೋಗಿದೆ, ನೀನು ತಿರುಗಿ ಬಂದು ಹಿಡಿದಿದ್ದೀಯೆ. ಸೋತವರ ಸಿಟ್ಟಿನಲ್ಲಿ ಬಹುಪಾಲು ಹುಟ್ಟುವುದು ಈ ಅರ್ಧ ಹೆಜ್ಜೆಯಲ್ಲಿ.

ಈಗ ತುದಿಯ ವಿಷಯ. ಕ್ರಿಕೆಟ್ ಆಡಿದ ಯಾರಿಗಾದರೂ ಗೊತ್ತು, ಬ್ಯಾಟಿನ ಒಂದು ಜಾಗಕ್ಕೆ ಚೆಂಡು ತಾಗಿದರೆ ಬೌಂಡರಿ, ಬೇರೆ ಕಡೆ ತಾಗಿದರೆ ಕೈ ಜುಮ್ಮೆನ್ನುತ್ತದೆ ಅಷ್ಟೇ. ಬ್ಯಾಟಿನಲ್ಲಿ ಆ ಜಾಗ ಸ್ವಲ್ಪ ಒಳಗಿದೆ. ನಿನ್ನ ಕತ್ತಿಯಲ್ಲಿ ಅದು ಕಟ್ಟಕಡೆಯ ಮೊನೆಯಲ್ಲಿದೆ. ಆಟಗಾರರು ಇದಕ್ಕೆ ಟಿಪ್ಪರ್ ಅನ್ನುತ್ತಾರೆ, ನಾನು ತುದಿಯೇಟು ಎನ್ನುತ್ತೇನೆ. ಮುಂದಕ್ಕೆ ಬೀಸುವ ನಿನ್ನ ದೊಡ್ಡ ಏಟು, ಫಾರ್ವರ್ಡ್ ಸ್ಮ್ಯಾಶ್, ಅಲಗಿನ ಮಧ್ಯಭಾಗದಿಂದ ತಾಗಿದರೆ 14 ಪರ್ಸೆಂಟ್, ತುದಿಯಿಂದ ತಾಗಿದರೆ 20. ಅಂಕಿಯಲ್ಲಿ ಆರರ ವ್ಯತ್ಯಾಸ. ಹಾರಿಸುವ ಶಕ್ತಿಯಲ್ಲಿ ಹಗಲು ರಾತ್ರಿಯ ವ್ಯತ್ಯಾಸ: ಮಧ್ಯಭಾಗದ ಏಟು ತಿಂದವನು ಎದ್ದು ಮತ್ತೆ ಬರುತ್ತಾನೆ, ತುದಿಯೇಟು ತಿಂದವನು ಅಂಚಿನ ಹತ್ತಿರ ನಿಂತಿದ್ದರೆ ಬಹಳ ಸಲ ಬರುವುದೇ ಇಲ್ಲ. ಒಂದೇ ಕೈ, ಒಂದೇ ಬಟನ್, ಒಂದೇ ಬೀಸು. ಎದುರಾಳಿ ಒಂದು ಗೇಣು ಆಚೆ ನಿಂತಿದ್ದನೋ ಈಚೆಯೋ ಎಂಬುದಷ್ಟೇ ಬೇರೆ.

ಇದನ್ನು ಕಟ್ಟಿದವರ ಜಾಣ್ಮೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಸಾಮಾನ್ಯವಾಗಿ ಆಟಗಳಲ್ಲಿ ದೊಡ್ಡ ಏಟು ಹಾಕಬೇಕಾದರೆ ದೊಡ್ಡ ಅಪಾಯಕ್ಕೆ ತಲೆಯೊಡ್ಡಬೇಕು, ಹತ್ತಿರ ಹೋಗಬೇಕು, ಏಟು ತಿನ್ನಲು ಸಿದ್ಧನಿರಬೇಕು. ನಿನ್ನ ವಿಷಯದಲ್ಲಿ ಅದು ತಿರುವುಮುರುವು. ನಿನ್ನ ಮೈಯಿಂದ ಅತಿ ದೂರವಿರುವ ಬಿಂದುವೇ ನಿನ್ನ ಕತ್ತಿಯ ತುದಿ. ಯಾರ ಕೈಗೂ ಸಿಗದ ಆ ದೂರದಲ್ಲೇ ನೀನು ಹೆಚ್ಚು ಘಾತಕ. ನಿನಗೆ ಬಲ ಹೆಚ್ಚಾಯಿತು ಎನ್ನುವವರ ದೂರಿನಲ್ಲಿರುವ ನಿಜ ಇದು, ಅದನ್ನು ಒಪ್ಪುತ್ತೇನೆ.

ಆದರೆ ಆ ದೂರ ನಿನ್ನೊಬ್ಬನ ಕೈಯಲ್ಲಿಲ್ಲ. ಎದುರಾಳಿಗೂ ಕಾಲಿದೆ. ಅವನು ಒಂದು ಹೆಜ್ಜೆ ಒಳಗೆ ಬಂದರೆ ಸಾಕು, ಅದೇ ಬೀಸು 14 ಪರ್ಸೆಂಟಿನ ತಟ್ಟುವಿಕೆಯಾಗುತ್ತದೆ. ಒಂದು ಹೆಜ್ಜೆ ಹಿಂದೆ ಹೋದರೆ ಅದೂ ಇಲ್ಲ. ಈ ಆಟ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ನಿನ್ನ ಫಾರ್ವರ್ಡ್ ಸ್ಮ್ಯಾಶ್ ಬಟನ್ ಒತ್ತಿದ ಹತ್ತನೆಯ ಫ್ರೇಮಿಗೆ ತಾಗುತ್ತದೆ, ಸೆಕೆಂಡಿನ ಆರನೆಯ ಒಂದು ಭಾಗ. ಆ ಹತ್ತು ಫ್ರೇಮಿನಲ್ಲಿ ಫಾಕ್ಸ್ ಎಷ್ಟು ದೂರ ಓಡಬಲ್ಲ ಎಂಬುದು ಅವನನ್ನು ಎದುರಿಸಿದವರಿಗೆಲ್ಲ ಗೊತ್ತು. ಹಾಗಾಗಿ ತುದಿಯೇಟು ಹಾಕುವವನು ಎದುರಾಳಿ ಈಗ ಎಲ್ಲಿದ್ದಾನೆ ಎಂದು ನೋಡಿ ಹಾಕಲಾಗದು, ಎಲ್ಲಿಗೆ ಬರಲಿದ್ದಾನೆ ಎಂದು ತಿಳಿದು ಹಾಕಬೇಕು. ತಪ್ಪಿದರೆ ಕತ್ತಿ ಚಾಚಿಕೊಂಡು ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ಮರವಾಗಿ ನಿಂತಿರುತ್ತೀಯೆ. ಈ ಆಟದಲ್ಲಿ ಅರ್ಧ ಸೆಕೆಂಡು ಎಂದರೆ ಎದುರಾಳಿಗೆ ಕರೆದು ಕೊಟ್ಟ ಕಾಣಿಕೆ.

ಸರಿಯಾಗಿ ಬಿದ್ದಾಗ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಫಾಕ್ಸ್ ಅಂಕಣದ ಹೊರಗೆ, ಅಂಚಿಗಿಂತ ಕೆಳಗೆ ಇದ್ದಾನೆ ಎಂದುಕೊ. ಹಿಂತಿರುಗಲು ಅವನು ಗಾಳಿಯಲ್ಲಿ ನಿಂತು ಮೈಗೆ ಬೆಂಕಿ ಹೊತ್ತಿಸಿಕೊಂಡು ಬಾಣದಂತೆ ನುಗ್ಗಬೇಕು. ಹೊತ್ತಿಸಿಕೊಳ್ಳಲು ಅರ್ಧ ಸೆಕೆಂಡಿಗೂ ಮಿಕ್ಕಿ ಹಿಡಿಯುತ್ತದೆ. ನೀನು ಅಂಚಿನಿಂದ ಎರಡು ಹೆಜ್ಜೆ ಒಳಗೆ ಸುಮ್ಮನೆ ನಿಂತಿದ್ದೀಯೆ. ಅವನಿಗೆ ಮೂರು ದಾರಿ. ಅಂಚನ್ನು ಹಿಡಿಯಬಹುದು, ಅಂಕಣದ ಮೇಲೆ ನೇರ ಬಂದು ಬೀಳಬಹುದು, ಇಲ್ಲವೇ ನಿನ್ನ ತಲೆಯ ಮೇಲಿಂದ ಹಾರಿಹೋಗಬಹುದು. ಮೂರರಲ್ಲಿ ಯಾವುದು ಎಂದು ಅವನ ಕಂಟ್ರೋಲರ್‌ನ ಕೋಲು ತಿರುಗುವ ಮೊದಲೇ ನೀನು ತೀರ್ಮಾನಿಸಿರಬೇಕು. ಬೆಂಕಿ ಹೊತ್ತಿತು, ಅವನು ಹೊರಟ, ಅಂಚಿಗೆ ಬಂದ. ಕತ್ತಿ ಆಗಲೇ ಬೀಸಿ ಆಗಿದೆ. ತುದಿ ತಾಗಿದಾಗ ಬರುವ ಸದ್ದೇ ಬೇರೆ, ಮಧ್ಯದ ಅಲಗಿನ ಮಂಕು ಸದ್ದಲ್ಲ, ಚಕ್ಕೆಂದು ಸೀಳಿದ ಹಾಗೆ. ಪರದೆ ಒಂದು ಚಣ ಹಿಡಿದಂತಾಗುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಪರದೆಯ ಕಡೆ ನೋಡದವನಿಗೂ ಏನಾಯಿತೆಂದು ತಿಳಿಯುತ್ತದೆ.

ನಿನ್ನ ಈ ಗುಣವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರು ಕ್ಯಾಲಿಫೋರ್ನಿಯಾದ ಕೆನ್ ಹೊಆಂಗ್. ಮಿಲೀ ಬಂದ ಮೊದಲ ಕೆಲವು ವರ್ಷ ಅಮೆರಿಕದಲ್ಲಿ ಅವರನ್ನು ಸೋಲಿಸುವುದೇ ದೊಡ್ಡ ಸುದ್ದಿಯಾಗುತ್ತಿತ್ತು. ಎದುರಾಳಿಯನ್ನು ಗಾಳಿಯಲ್ಲಿ ಮುಂದಕ್ಕೆ ಬೀಸಿ ಬೀಸಿ ಅಂಕಣದಾಚೆ ಅಟ್ಟಿಕೊಂಡು ಹೋಗಿ, ಕೊನೆಗೆ ಮೇಲಿಂದ ಕೆಳಕ್ಕೆ ಒಂದೇ ಏಟಿನಲ್ಲಿ ಪಾತಾಳಕ್ಕೆ ಇಳಿಸುವ ಸರಣಿಗೆ ಕೆನ್ ಕಾಂಬೊ ಎಂದೇ ಹೆಸರಾಯಿತು.  ಕೆನ್ ಕಾಂಬೊದ ಧೈರ್ಯ ಏನೆಂದರೆ, ಆ ಕೊನೆಯ ಏಟು ಹಾಕುವ ಹೊತ್ತಿಗೆ ನಿನ್ನ ಕಾಲ ಕೆಳಗೂ ನೆಲವಿರುವುದಿಲ್ಲ. ತಪ್ಪಿದರೆ ಬೀಳುವವನು ನೀನು. 2002ರಲ್ಲಿ ಯುರೋಪಿಗೆ ಹೋದ ಆವೃತ್ತಿಯಲ್ಲಿ ಆ ಏಟಿನ ಬಿಗಿಯನ್ನು ಸಡಿಲಿಸಿದರು, ತಿಂದವನು ಸಮಯ ನೋಡಿ ಚೇತರಿಸಿಕೊಂಡು ಜಿಗಿಯಬಹುದು ಎಂದು ಮಾಡಿದರು. ಯುರೋಪಿನವರಿಗೆ ಸಿಕ್ಕ ಮಾರ್ತ್ ಅಷ್ಟರಮಟ್ಟಿಗೆ ಕಡಿಮೆಯ ಮಾರ್ತ್ ಎಂದೇ ನನ್ನ ಭಾವನೆ.

ಆಮೇಲೆ ಜೇಸನ್ ಜಿಮ್ಮರ್‌ಮನ್, ಮ್ಯೂಟೂಕಿಂಗ್ ಎಂಬ ಹೆಸರಿನಲ್ಲಿ ಆಡಿದವರು. ಆಟದ ಒಂದೊಂದು ಏಟಿನ ಫ್ರೇಮ್ ಲೆಕ್ಕವನ್ನು ಕೂತು ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು. ಅವರ ಕೈಯಲ್ಲಿ ನಿನ್ನ ಚೈನ್ ಗ್ರ್ಯಾಬ್ ಶಾಸ್ತ್ರವಾಯಿತು. ಫಾಕ್ಸ್, ಫಾಲ್ಕೊ ಇಬ್ಬರೂ ಬೇಗ ಬೀಳುವವರು. ನೀನು ಹಿಡಿದು ಮೇಲಕ್ಕೆ ಎಸೆದರೆ ಅವರು ಬೀಳುವ ಹೊತ್ತಿಗೆ ಕೆಳಗೆ ನಿಂತು ಮತ್ತೆ ಹಿಡಿಯಬಹುದು, ಮತ್ತೆ ಎಸೆಯಬಹುದು. ಫೈನಲ್ ಡೆಸ್ಟಿನೇಶನ್ ಎಂಬ ಬಟ್ಟಬಯಲಿನ ಅಂಕಣದಲ್ಲಿ ಅವರಿಗೆ ಹತ್ತಿ ನಿಲ್ಲಲು ಒಂದು ಹಲಗೆಯೂ ಇಲ್ಲ. ಒಂದು ಸಲ ಸಿಕ್ಕವನು ಒಂದು ಜೀವವನ್ನೇ ಕಳೆದುಕೊಂಡು ಹೋಗುವುದುಂಟು. ನೋಡುವವರಿಗೆ ಇದು ಬೇಸರ ಎಂಬ ಮಾತಿದೆ. ನಾನು ಒಪ್ಪುವುದಿಲ್ಲ. ಎಸೆಯಿಸಿಕೊಂಡವನು ಕೋಲನ್ನು ಎಡಕ್ಕೋ ಬಲಕ್ಕೋ ವಾಲಿಸಿ ತಾನು ಬೀಳುವ ಜಾಗ ಬದಲಿಸಬಲ್ಲ. ಪ್ರತಿ ಎಸೆತಕ್ಕೂ ನೀನು ಅದನ್ನು ಹೊಸದಾಗಿ ಓದಬೇಕು, ಓದಿ ಓಡಿ ಅಲ್ಲಿರಬೇಕು, ಕೊನೆಯಲ್ಲಿ ಎಸೆತ ನಿಲ್ಲಿಸಿ ಕತ್ತಿಗೆ ಕೈ ಹಾಕುವ ಗಳಿಗೆ ಯಾವುದೆಂದು ಆರಿಸಬೇಕು. ನಿಂತ ಜಾಗವೇ ನಿನಗೆ ಎಲ್ಲವೂ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇನ್ನು ನಿನ್ನ ಕೊರತೆಗಳು. ಇವನ್ನು ಮೆತ್ತಗೆ ಹೇಳಿದರೆ ನಿನಗೆ ಮಾಡುವ ಅವಮಾನ.

ದೂರದಿಂದ ಎಸೆಯಲು ನಿನ್ನ ಹತ್ತಿರ ಏನೂ ಇಲ್ಲ. ಫಾಲ್ಕೊಗೆ ಲೇಸರ್ ಇದೆ, ಶೀಕ್‌ಗೆ ಸೂಜಿಗಳಿವೆ, ಸೇಮಸ್‌ಗೆ ಕ್ಷಿಪಣಿಗಳಿವೆ. ನಿನ್ನ ಲೋಕ ಕತ್ತಿಯ ತುದಿಗೆ ಮುಗಿಯುತ್ತದೆ, ಅದರಾಚೆ ಇರುವವನಿಗೆ ನೀನು ಏನೂ ಮಾಡಲಾರೆ. ಫಾಲ್ಕೊ ದೂರದಿಂದ ಲೇಸರ್ ಸುರಿಸುತ್ತಾ ನಿನ್ನ ಡ್ಯಾಶ್ ಡ್ಯಾನ್ಸ್ ಕೆಡಿಸುತ್ತಾ ಬರುವಾಗ, ದೂರವನ್ನು ಆರಿಸುವವನು ನೀನಲ್ಲ, ಅವನು.

ತೀರಾ ಹತ್ತಿರ ಬಂದವನ ವಿಷಯವೂ ಹಾಗೆಯೇ. ಫಾಕ್ಸ್‌ನ ಶೈನ್ ಎಂಬ ಏಟು ಬಟನ್ ಒತ್ತಿದ ಮೊದಲ ಫ್ರೇಮಿಗೇ ತಾಗುತ್ತದೆ. ಅಷ್ಟು ಚುರುಕಿನದು ನಿನ್ನಲ್ಲಿ ಯಾವುದೂ ಇಲ್ಲ. ಎದೆಗೆ ಎದೆ ಕೊಟ್ಟು ನಿಂತವನನ್ನು ದೂರ ತಳ್ಳಲು ಕತ್ತಿಯ ಉದ್ದ ನೆರವಾಗುವುದಿಲ್ಲ. ಅವನು ನಿನ್ನ ಕೆಳಗಿದ್ದು ನೀನು ಮೇಲಿದ್ದರೆ ಇನ್ನೂ ಕಷ್ಟ. ಕೆಳಕ್ಕೆ ಬೀಸುವ ಏಟು ನಿಧಾನ, ನೆಲಕ್ಕಿಳಿದ ಮೇಲೂ ಮೈ ಸ್ವಾಧೀನಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಗಾಳಿಯಲ್ಲಿ ಸಿಕ್ಕ ಮಾರ್ತ್‌ನನ್ನು ಕೆಳಗಿನಿಂದ ಪುಟಿಸುತ್ತಾ ಇಡುವುದು ಪಳಗಿದ ಆಟಗಾರರಿಗೆ ಕಷ್ಟದ ಕೆಲಸವಲ್ಲ. ನಿನ್ನ ತೂಕವೂ ಹೇಳಿಕೊಳ್ಳುವಂಥದ್ದಲ್ಲ: ಆಟದ ಲೆಕ್ಕದಲ್ಲಿ 87, ಬೌಸರ್‌ನದು 117.

ಅಂಚಿನಾಚೆ ಹೋದ ಮಾರ್ತ್‌ನ ಪಾಡು ಇನ್ನೂ ಹೃದಯ ಹಿಂಡುವಂಥದ್ದು. ಹಿಂತಿರುಗಲು ನಿನಗಿರುವುದು ಡಾಲ್ಫಿನ್ ಸ್ಲ್ಯಾಶ್, ಕತ್ತಿ ಎತ್ತಿ ನೆಟ್ಟಗೆ ಮೇಲಕ್ಕೆ ಚಿಮ್ಮುವುದು. ಚಿಮ್ಮುವ ಮೊದಲ ಗಳಿಗೆಯಲ್ಲಿ ಯಾವ ಏಟೂ ನಿನಗೆ ತಾಗುವುದಿಲ್ಲ, ವೇಗವೂ ಚೆನ್ನಾಗಿದೆ. ಆದರೆ ಅದು ಮೇಲಕ್ಕೆ ಹೋದಷ್ಟು ಪಕ್ಕಕ್ಕೆ ಹೋಗದು. ದೂರ ಹಾರಿಬಿದ್ದವನಿಗೆ ಬೇಕಾಗಿರುವುದು ಪಕ್ಕದ ದಾರಿ. ಗಾಳಿಯಲ್ಲಿ ಕತ್ತಿ ಬೀಸಿ ಬೀಳುವುದನ್ನು ಕೊಂಚ ತಡೆಹಿಡಿದು, ಉಳಿದ ಜಿಗಿತವನ್ನು ಜೋಪಾನ ಮಾಡಿಕೊಂಡು, ಅಂಚಿನ ಕೆಳಗೆ ಬಂದು ಸೇರಿದೆ ಎನ್ನು. ಮಿಲೀಯಲ್ಲಿ ಒಂದು ಅಂಚನ್ನು ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದು. ಎದುರಾಳಿ ಮೊದಲೇ ಹೋಗಿ ಅದಕ್ಕೆ ಜೋತುಬಿದ್ದ. ನೀನು ಚಿಮ್ಮಿದೆ, ಹಿಡಿಯಲು ಜಾಗವಿಲ್ಲ, ಅಂಕಣದ ಮೇಲೆ ಬಂದು ಬೀಳುವಷ್ಟು ಅಡ್ಡದೂರವೂ ಸಿಗಲಿಲ್ಲ. ಚಿಮ್ಮಿದ ಮೇಲೆ ನಿನಗೆ ಬೇರೆ ದಾರಿಯೇ ಉಳಿದಿರುವುದಿಲ್ಲ. ಅವನು ನಿನ್ನನ್ನು ಹೊಡೆಯಲೂ ಬೇಕಾಗಿಲ್ಲ. ಡ್ರ್ಯಾಗನ್ನನ್ನು ಕೊಂದ ಕತ್ತಿ ಕೈಯಲ್ಲೇ ಇದ್ದೂ, ಎದುರಾಳಿ ಬರೀ ಜೋತುಬಿದ್ದಿದ್ದಕ್ಕೆ ಜೀವ ಬಿಡುತ್ತೀಯೆ.

ಇವೆಲ್ಲ ಒಂದು ತೂಕವಾದರೆ, ಕೊಲ್ಲಲಾರ ಎಂಬ ಅಪವಾದ ಇನ್ನೊಂದು ತೂಕ. ನಿನ್ನ ಕಡೆಯವರೇ ಹೊರಿಸುವುದು ಇದು, ಇದಕ್ಕೆ ಬಿಡಿಸಿ ಉತ್ತರ ಕೊಡಬೇಕು. ಎದುರಾಳಿಯ ಪರ್ಸೆಂಟ್ ಕಡಿಮೆ ಇರುವಾಗ ನಿನ್ನ ಏಟುಗಳು ಅವನನ್ನು ಹತ್ತಿರದಲ್ಲೇ ಇಡುತ್ತವೆ, ಒಂದಕ್ಕೊಂದು ಕೂಡಿಕೊಳ್ಳುತ್ತವೆ, ನೋಡುನೋಡುತ್ತಿದ್ದಂತೆ ಐವತ್ತು ಅರವತ್ತು ಏರಿಬಿಡುತ್ತದೆ. ನೂರು ದಾಟಿದ ಮೇಲೆ ಅದೇ ಏಟುಗಳು ಅವನನ್ನು ದೂರ ಎಸೆಯುತ್ತವೆ. ಎಷ್ಟು ದೂರ? ಓಡಿಹೋಗಿ ಮುಂದಿನ ಏಟು ಕೂಡಿಸಲಾಗದಷ್ಟು ದೂರ, ಪರದೆಯಾಚೆ ಹೋಗಿಬಿಡದಷ್ಟು ಹತ್ತಿರ. ಹಿಡಿದು ಎಸೆದರೂ ಮೊದಲಿನ ಹಾಗೆ ಏನೂ ಕೂಡಿಬರುವುದಿಲ್ಲ. ಆಗ ಉಳಿಯುವುದು ತುದಿಯೇಟು ಒಂದೇ. ಅದು ಎದುರಾಳಿಗೂ ಗೊತ್ತು. ಅವನು ಆ ಒಂದು ದೂರದಲ್ಲಿ ಮಾತ್ರ ನಿಲ್ಲದೆ, ಒಂದೋ ಮೈಮೇಲೆ ಬೀಳುತ್ತಾನೆ, ಇಲ್ಲ ಆಚೆಗೆ ಸರಿದಿರುತ್ತಾನೆ. ಡ್ರೀಮ್ ಲ್ಯಾಂಡ್‌ನಂಥ ವಿಶಾಲ ಅಂಕಣದಲ್ಲಿ ಜಿಗ್ಲಿಪಫ್‌ನಂಥ ತೇಲಾಡುವ ಎದುರಾಳಿ ನೂರಿಪ್ಪತ್ತು ನೂರಮೂವತ್ತು ಪರ್ಸೆಂಟ್ ಹೊತ್ತುಕೊಂಡು ನಿನ್ನ ಸುತ್ತ ಸುಳಿಯುವಾಗ, ನಿನ್ನನ್ನು ಆಡುವವನ ಅಂಗೈ ಬೆವರುತ್ತದೆ. ಗೆಲ್ಲುತ್ತಿದ್ದವನು ನೀನು. ಒಂದೇ ಒಂದು ಏಟು ಸಿಗದೆ ಸೋಲುವವನೂ ನೀನೇ.

ಹಾಗಾದರೆ ಇದನ್ನು ಸರಿಪಡಿಸಬಾರದೇ? ಕತ್ತಿಯುದ್ದಕ್ಕೂ ಒಂದೇ ಶಕ್ತಿ ಕೊಟ್ಟರಾಗದೇ? ಕೊಟ್ಟು ನೋಡಿದ್ದಾರೆ. 2014ರ ಸ್ಮ್ಯಾಶ್ ಆಟದಲ್ಲಿ ಲೂಸಿನಾ ಬಂದಳು. 2012ರ ಫೈರ್ ಎಂಬ್ಲಮ್ ಅವೇಕನಿಂಗ್ ಆಟದಲ್ಲಿ ಮುಖವಾಡ ಹಾಕಿಕೊಂಡು ನಿನ್ನ ಹೆಸರನ್ನೇ ಹೇಳಿಕೊಂಡು ತಿರುಗಿದ ಹುಡುಗಿ ಅವಳು, ನಿನ್ನ ವಂಶದ ಕುಡಿ. ಅವಳ ಬೀಸು, ಅವಳ ನಿಲುವು ಬಹುಪಾಲು ನಿನ್ನದೇ. ಕತ್ತಿ ಮಾತ್ರ ಹಿಡಿಯಿಂದ ಮೊನೆಯವರೆಗೆ ಒಂದೇ ಸಮ: ನಿನ್ನ ತುದಿಯಷ್ಟು ಜೋರಿಲ್ಲ, ನಿನ್ನ ಮಧ್ಯದಷ್ಟು ಸಪ್ಪೆಯಿಲ್ಲ. 2018ರ ಡಿಸೆಂಬರ್‌ನಲ್ಲಿ ಬಂದ ಸ್ಮ್ಯಾಶ್ ಅಲ್ಟಿಮೇಟ್‌ನಲ್ಲಿ ಸ್ಪರ್ಧೆಗಿಳಿದ ಹೆಚ್ಚಿನವರು ನಿನ್ನನ್ನು ಬಿಟ್ಟು ಅವಳನ್ನು ಆರಿಸಿಕೊಂಡರು. ಅವರ ಲೆಕ್ಕ ತಪ್ಪಲ್ಲ. ನಿನ್ನ ತುದಿಯ ಜಾಗ ಅಲ್ಲಿ ತೀರಾ ಕಿರಿದಾಗಿದೆ ಎಂಬ ಕೊರಗು ಆಟಗಾರರಲ್ಲಿದೆ, ನನಗೂ ಇದೆ. ಲೂಸಿನಾಳ ಮೇಲೆ ನನಗೆ ಗೌರವವಿದೆ, ಅವಳನ್ನು ಚೆನ್ನಾಗಿ ಆಡುವವರ ಆಟ ನೋಡಲು ಸೊಗಸು. ಆದರೆ ಅವಳನ್ನು ಆಡುವವರು ದೂರವನ್ನು ಹೊಡೆತ ತಪ್ಪಿಸಿಕೊಳ್ಳಲಿಕ್ಕೆ ಮಾತ್ರ ಬಳಸುತ್ತಾರೆ. ನಿನ್ನನ್ನು ಆಡುವವರು ದೂರದಿಂದಲೇ ಹೊಡೆತವನ್ನು ಕಟ್ಟುತ್ತಾರೆ. ಇವು ಎರಡು ಬೇರೆ ವಿದ್ಯೆಗಳು, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲಾಗದು.

ರಾಯ್‌ನನ್ನೂ ನೆನೆಯಬೇಕು, ಪಾಪ. ನಿನ್ನ ಜೊತೆಗೇ ಮಿಲೀಗೆ ಬಂದವನು, ತನ್ನ ಸ್ವಂತ ಆಟ ಹೊರಬರುವುದಕ್ಕೂ ನಾಲ್ಕು ತಿಂಗಳು ಮೊದಲೇ. ಅವನ ಕತ್ತಿಯ ಶಕ್ತಿಯನ್ನು ಹಿಡಿಯ ಹತ್ತಿರ ಇಟ್ಟರು. ಎದುರಾಳಿಯ ಮುಷ್ಟಿಗೆ ಸಿಗುವಷ್ಟು ಒಳಗೆ ಹೋದರೆ ಮಾತ್ರ ಅವನಿಗೆ ಬಲ. ಅಷ್ಟು ಹತ್ತಿರ ಹೋಗಬೇಕಾದರೆ ಕತ್ತಿಯ ಉದ್ದ ಇದ್ದೂ ಇಲ್ಲದ ಹಾಗೆ. ಮಿಲೀಯ ಪಟ್ಟಿಗಳಲ್ಲಿ ಅವನು ಕೆಳಗಿದ್ದಾನೆ, ನೀನು ಮೊದಲ ಕೆಲವರಲ್ಲಿ ಇದ್ದೀಯೆ. ಅಲಗಿನ ಜೀವ ಎಲ್ಲಿದೆ ಎಂಬುದರಿಂದ ಮನುಷ್ಯನೇ ಬೇರೆಯಾಗುತ್ತಾನೆ.

ಮಿಲೀಗೆ ಈಗಿನ ಆಟಗಳ ಹಾಗೆ ಮನೆಮನೆಯ ಯಂತ್ರಕ್ಕೆ ಅಂತರ್ಜಾಲದಲ್ಲಿ ತಿದ್ದುಪಡಿ ಕಳಿಸುವ ಏರ್ಪಾಡು ಇರಲಿಲ್ಲ. ಡಿಸ್ಕಿನಲ್ಲಿ ಏನಿತ್ತೋ ಅದೇ. ನಿನ್ನ ಚೈನ್ ಗ್ರ್ಯಾಬ್ ಹೆಚ್ಚಾಯಿತೆಂದು ಯಾರೂ ಕಡಿಮೆ ಮಾಡಲಿಲ್ಲ, ಡಾಲ್ಫಿನ್ ಸ್ಲ್ಯಾಶ್ ಸಾಲದೆಂದು ಯಾರೂ ಉದ್ದ ಮಾಡಲಿಲ್ಲ. ನಿನ್ನನ್ನು ಆಡುವವರು ದೂರು ಕೊಡಲು ಕಚೇರಿಯಿಲ್ಲದೆ ನಿನ್ನೊಳಗೇ ಹುಡುಕಬೇಕಾಯಿತು. ಹುಡುಕಿದರು. ಹೆಚ್ಚಿನ ಪರ್ಸೆಂಟಿನಲ್ಲಿ ತುದಿಯೇಟು ಸಿಗದಿದ್ದರೆ ಎದುರಾಳಿಯನ್ನು ಅಂಕಣದಾಚೆ ಎಸೆದು, ಅವನು ಅಂಚಿಗೆ ಮರಳುವ ಜಾಗದಲ್ಲಿ ತುದಿಯನ್ನು ಸಜ್ಜಾಗಿಡುವುದನ್ನು ಕಲಿತರು. ನಡುಬಯಲಿನಲ್ಲಿ ಎದುರಾಳಿ ಎಲ್ಲಿ ಬೇಕಾದರೂ ನಿಲ್ಲಬಹುದು, ಅಂಚಿಗೆ ಮರಳುವವನಿಗೆ ಹಾಗೆ ಆರಿಸಿಕೊಳ್ಳಲು ಬರುವುದಿಲ್ಲ. ಗುರಾಣಿ ಹಿಡಿದು ಕೂತವನನ್ನು ಕೆಳಗಿನಿಂದ ಕುಟುಕುತ್ತಾ, ಅವನು ತಾಳ್ಮೆಗೆಟ್ಟು ಎದ್ದು ಬರುವ ಜಾಗಕ್ಕೆ ತುದಿ ಇಟ್ಟರು. ಕೆನ್ ಹೊಆಂಗ್ ಮೆರೆದ ಎಷ್ಟೋ ವರ್ಷಗಳ ನಂತರ, 2020ರ ಜನವರಿಯಲ್ಲಿ, ಜೆನೆಸಿಸ್ 7 ಎಂಬ ದೊಡ್ಡ ಪಂದ್ಯಾವಳಿಯನ್ನು ಜೇನ್ ನಗ್ಮಿ ನಿನ್ನನ್ನು ಆಡಿ ಗೆದ್ದರು. ಹತ್ತೊಂಬತ್ತನೆಯ ವರ್ಷಕ್ಕೆ ಕಾಲಿಟ್ಟ ಆಟ, ಅಮೆರಿಕದ ಡಿಸ್ಕಿನಲ್ಲಿ ಒಂದಕ್ಷರವೂ ಬದಲಾಗದ ಮಾರ್ತ್. ಬದಲಾದದ್ದು ನಿನ್ನ ಬಗ್ಗೆ ಜನಕ್ಕಿರುವ ತಿಳಿವಳಿಕೆ. ಜೇನ್ ಆಡುವುದನ್ನು ನೋಡಿದರೆ ಮಾರ್ತ್‌ಗೆ ಕೊಲ್ಲೋಕೆ ಬರಲ್ಲ ಎಂದು ಯಾರೂ ಹೇಳಲಾರರು. ಹಾಗೆಂದು ಅವರಿಗೂ ಅದು ಸುಲಭಕ್ಕೆ ಸಿಗುವುದಿಲ್ಲ. ಪ್ರತಿ ಜೀವಕ್ಕೂ ಹೊಸದಾಗಿ ದುಡಿದು ಗಳಿಸುತ್ತಾರೆ.

ನಿನ್ನನ್ನು ಹೊಸದಾಗಿ ಹಿಡಿಯುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ: ಕಾಂಬೊ ಆಮೇಲೆ ಕಲಿಯಿರಿ, ಮೊದಲು ಕತ್ತಿ ಬೀಸದೆ ಓಡಾಡಿ. ಎದುರಾಳಿ ಏಟು ಹಾಕಿದಾಗಲೆಲ್ಲ ಅದು ನಿಮ್ಮ ಮೂಗಿನ ಮುಂದೆ ಮುಗಿಯುವ ಹಾಗೆ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಿ. ಆ ನಿಲುವು ಬಂದರೆ ತುದಿ ತಾನಾಗಿ ತಾಗುತ್ತದೆ. ಬಾರದಿದ್ದರೆ ಎಷ್ಟು ಕಾಂಬೊ ಬಾಯಿಪಾಠ ಮಾಡಿದರೂ ಹದಿನಾಲ್ಕರ ಲೆಕ್ಕದಲ್ಲೇ ಉಳಿಯುತ್ತೀರಿ.

ನಿನ್ನಲ್ಲಿ ನನ್ನ ಕೋರಿಕೆ ಇಷ್ಟು. ಮುಂದೊಂದು ದಿನ ಇನ್ನೊಂದು ಸ್ಮ್ಯಾಶ್ ಆಟ ಮಾಡಲು ಕೂತವರು ನಿನ್ನ ಬಗ್ಗೆ ಬಂದ ದೂರುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಳ್ಳುತ್ತಾರೆ. ಡಾಲ್ಫಿನ್ ಸ್ಲ್ಯಾಶ್ ಪಕ್ಕಕ್ಕೆ ಇನ್ನೊಂದಿಷ್ಟು ಹೋಗಲಿ ಎಂದು ಒಬ್ಬರು, ತುದಿಯ ಏಟನ್ನು ಇಳಿಸಿ ಮಧ್ಯದ್ದನ್ನು ಏರಿಸೋಣ ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರಿಗೂ ಬೇಡ ಎನ್ನು. ಏನಾದರೂ ಕೊಡಲೇಬೇಕೆಂದಿದ್ದರೆ ಅಲ್ಟಿಮೇಟ್‌ನಲ್ಲಿ ಕಿರಿದಾಗಿಸಿದ ಆ ತುದಿಯ ಜಾಗವನ್ನು ಮಿಲೀಯಲ್ಲಿ ಇದ್ದಷ್ಟಕ್ಕೆ ಮರಳಿಸಲಿ. ಅಂಚಿನ ಕೆಳಗಿನಿಂದ ಮೇಲೆ ಬರುವ ದಾರಿಯನ್ನು ನಾವು ಹುಡುಕಿಕೊಳ್ಳುತ್ತೇವೆ.

ಇಂತಿ,
ನಿನ್ನನ್ನೇ ಆರಿಸಿಕೊಳ್ಳುವ ಒಬ್ಬ ಕನ್ನಡದ ಆಟಗಾರ